ಗುಡ್ಡೆಯ ಪುನರ್ಪುಳಿ: ಬೆಂಕಿ ಬೇಡ, ಬಣ್ಣವೂ ಬೇಡ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಗುಡ್ಡೆಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಒಂದು ಬೆಳೆ ಕೊಯ್ಲಿಗೆ ಬರುತ್ತದೆ. ಅದಕ್ಕೆ ನಾವು ನೀರು ಹಾಕಿದ್ದಿಲ್ಲ, ಗೊಬ್ಬರ ಹಾಕಿದ್ದಿಲ್ಲ, ಔಷಧಿ ಬಿಟ್ಟದ್ದಿಲ್ಲ. ಆದರೂ ಅರ್ಧಕ್ಕರ್ಧ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ. ಅದುವೇ ಪುನರ್ಪುಳಿ. ಘಟ್ಟದ ಮೇಲಿನವರಿಗೆ ಇದು ಮುರುಗಲು, ಕೊಂಕಣಿಯವರಿಗೆ ಬಿರಿಂಡ, ಮಹಾರಾಷ್ಟ್ರದವರಿಗೆ ಕೋಕಂ.

ನನ್ನದು ಮಳೆ ನಂಬಿದ ಜಾಗ. ಗೇರು, ನಾಲ್ಕು ಹಲಸು, ಐದು ಪುನರ್ಪುಳಿ ಮರ. ತೋಟಕ್ಕೆ ನೀರಿದ್ದವರಿಗೆ ಅಡಿಕೆ ಉಂಟು. ನೀರಿಲ್ಲದವನಿಗೆ ಗುಡ್ಡೆಯಲ್ಲಿ ಏನಿದೆಯೋ ಅದನ್ನೇ ಬಿಡದೆ ಬಳಸಬೇಕಾಗುತ್ತದೆ. ನಮ್ಮ ಮನೆಯಲ್ಲಿ ವರ್ಷಗಳಿಂದ ಮಾಡುವ ಶರಬತ್ತಿನ ಕ್ರಮವನ್ನು, ಅದರ ಹಿಂದಿನ ಕಾರಣ ಸಹಿತ, ಇಲ್ಲಿ ಬರೆದಿದ್ದೇನೆ.

ಹಣ್ಣು ಹೇಗಿರಬೇಕು?

ಸಿಪ್ಪೆ ಪೂರ್ತಿ ಕಡುಕೆಂಪು ಆಗಿರಬೇಕು, ಒತ್ತಿದರೆ ಸ್ವಲ್ಪ ಗಟ್ಟಿ ಇರಬೇಕು. ಅರೆಹಣ್ಣಿನಲ್ಲಿ ಹುಳಿ ಬರುತ್ತದೆ, ಬಣ್ಣ ಬರುವುದಿಲ್ಲ. ಮಳೆ ಬಿದ್ದ ಮೇಲೆ ಉದುರಿದ ಹಣ್ಣು ಶರಬತ್ತಿಗೆ ಬೇಡವೇ ಬೇಡ. ಅದು ನೀರು ಕುಡಿದಿರುತ್ತದೆ, ಬೇಗ ಬೂಷ್ಟು ಬರುತ್ತದೆ. ಹಾಗಾಗಿ ಮೊದಲ ಮಳೆಗೆ ಮುಂಚೆಯೇ ಕೆಲಸ ಮುಗಿಸಬೇಕು. ಗೇರುಬೀಜ ಹೆಕ್ಕಲು ಹೋಗುವಾಗ ಇನ್ನೊಂದು ಬುಟ್ಟಿ ಕೊಂಡುಹೋದರೆ ಆಯಿತು.

ಮಾಡುವ ಕ್ರಮ

ಹಣ್ಣು ತೊಳೆದು, ಬೈರಾಸಿನಲ್ಲಿ ಒರಸಿ, ನೆರಳಲ್ಲಿ ನೀರಿನ ಪಸೆ ಆರಿಸಿ. ಎರಡು ಹೋಳು ಮಾಡಿ ಬೀಜ ಮತ್ತು ಒಳಗಿನ ತಿರುಳನ್ನು ಬೇರೆ ತೆಗೆಯಿರಿ. ಸಿಪ್ಪೆ ಮಾತ್ರ ತೂಗಿ. ಹಣ್ಣಿನ ತೂಕದಲ್ಲಿ ಸುಮಾರು ಅರ್ಧ ಸಿಪ್ಪೆ ಸಿಕ್ಕುತ್ತದೆ.

1 ಕಿಲೋ ಸಿಪ್ಪೆಗೆ 2 ಕಿಲೋ ಸಕ್ಕರೆ. ಭರಣಿಯ ಅಡಿಗೆ ಒಂದು ಪದರ ಸಕ್ಕರೆ, ಅದರ ಮೇಲೆ ಸಿಪ್ಪೆ, ಮತ್ತೆ ಸಕ್ಕರೆ. ಹೀಗೆ ತುಂಬಿಸಿ ಕೊನೆಗೆ ಮೇಲೆ ಸಕ್ಕರೆಯೇ ಬರಬೇಕು. ಬಾಯಿಗೆ ಬಟ್ಟೆ ಕಟ್ಟಿ. ಹಗಲು ಬಿಸಿಲು ತಾಗುವಲ್ಲಿ ಇಟ್ಟರೆ ಸಕ್ಕರೆ ಬೇಗ ಕರಗುತ್ತದೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಲ್ಲಿ ಮಗುಚಿ. ಏಳೆಂಟು ದಿನದಲ್ಲಿ ಸಿಪ್ಪೆ ಚಿರುಟಿ, ರಸ ಪೂರಾ ಹೊರಗೆ ಬಂದಿರುತ್ತದೆ. ಒಣಬಟ್ಟೆಯಲ್ಲಿ ಸೋಸಿ, ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿಸಿ, ಕತ್ತಲೆಯ ಮೂಲೆಯಲ್ಲಿಡಿ. ನಮ್ಮಲ್ಲಿ 1 ಕಿಲೋ ಸಿಪ್ಪೆಯಿಂದ ಎರಡು ಲೀಟರಿನ ಆಸುಪಾಸು ಪಾಕ ಸಿಕ್ಕುತ್ತದೆ.

ಅಲ್ಯುಮಿನಿಯಂ, ತಾಮ್ರ, ಕಬ್ಬಿಣದ ಪಾತ್ರೆ ಮುಟ್ಟಬೇಡಿ. ಇದರ ಹುಳಿ ಲೋಹವನ್ನು ತಿನ್ನುತ್ತದೆ. ಭರಣಿ, ಗಾಜು ಒಳ್ಳೆಯದು. ಇಲ್ಲದಿದ್ದರೆ ಸ್ಟೀಲು ಆಗಬಹುದು.

ಸಕ್ಕರೆ ಅಷ್ಟು ಯಾಕೆ?

'ಒಂದಕ್ಕೆ ಒಂದು ಹಾಕಿದರೆ ಸಾಲದಾ? ಸಕ್ಕರೆಗೆ ಎಷ್ಟು ಕ್ರಯ!' ಎಂದು ಕೇಳುವವರು ಉಂಟು. ಇಲ್ಲಿ ಸಕ್ಕರೆ ಬರೇ ಸಿಹಿಗೆ ಅಲ್ಲ, ಅದೇ ಕಾವಲುಗಾರ. ಪಾಕದ ತೂಕದಲ್ಲಿ 100ಕ್ಕೆ 65 ಪಾಲು ಸಿಹಿಯ ಅಂಶ ಇದ್ದರೆ ಹುದುಗು ಬರಿಸುವ ಜೀವಾಣುಗಳಿಗೆ ಬೆಳೆಯಲು ಬೇಕಾದ ನೀರು ಸಿಕ್ಕುವುದಿಲ್ಲ. ಒಂದಕ್ಕೆ ಎರಡು ಹಾಕಿದರೆ ಈ ಗೆರೆ ದಾಟುತ್ತದೆ. ಒಂದಕ್ಕೆ ಒಂದು ಹಾಕಿದರೆ ಕೆಳಗೆ ಉಳಿಯುತ್ತದೆ. ಆಗ ನೊರೆ ಬರುತ್ತದೆ, ಕಳ್ಳಿನ ವಾಸನೆ ಹೊಡೆಯುತ್ತದೆ. ಬಿಗಿಯಾಗಿ ಮುಚ್ಚಿದ ಬಾಟಲಿಯಾದರೆ ಗಾಳಿ ತುಂಬಿ ಒಡೆಯುವುದೂ ಉಂಟು. ಬಾಟಲಿಯಲ್ಲಿ ಉಳಿದ ನೀರಿನ ಪಸೆ, ಒದ್ದೆ ಸೌಟು, ಇವೆಲ್ಲ ಮಾಡುವುದು ಅದೇ ಕೆಲಸ. ಕಾವಲುಗಾರನನ್ನು ದುರ್ಬಲ ಮಾಡುತ್ತವೆ.

ಒಲೆಗೆ ಯಾಕೆ ಇಡಬಾರದು?

ಕುದಿಸಿದರೆ ಬೇಗ ಆಗುತ್ತದೆ ಹೌದು. ಆದರೆ ಪುನರ್ಪುಳಿಯ ಬಣ್ಣಕ್ಕೆ ಶಾಖವೂ ಬೆಳಕೂ ಆಗದು. ಆ ಬಣ್ಣದ ಹೆಸರು ಆಂಥೋಸಯನಿನ್. ಕೆಂಪು ವೈನಿಗೆ ಬಣ್ಣ ಕೊಡುವುದೂ ದ್ರಾಕ್ಷಿ ಸಿಪ್ಪೆಯಲ್ಲಿರುವ ಇದೇ ಜಾತಿಯ ವಸ್ತು. ಹೆಚ್ಚು ಹೊತ್ತು ಕುದಿಸಿದರೆ ಕೆಂಪು ಹೋಗಿ ಕಂದು ಬರುತ್ತದೆ. ಬಾಟಲಿಯನ್ನು ಕಿಟಿಕಿಯ ಬೆಳಕಿನಲ್ಲಿಟ್ಟರೂ ತಿಂಗಳುಗಳಲ್ಲಿ ಮಾಸುತ್ತದೆ. ಹೀಗೆ ಬಣ್ಣ ಹೋದ ಪಾಕ ಮಾರಾಟವಾಗದು ಎಂದು ಅಂಗಡಿಯ ಬಣ್ಣ ಬೆರೆಸುವವರು ಇದ್ದಾರೆ. ಭರಣಿಯ ಕ್ರಮದಲ್ಲಿ ಆ ಅಗತ್ಯವೇ ಬೀಳುವುದಿಲ್ಲ.

ಒಂದು ಸುಲಭ ಪರೀಕ್ಷೆ ಉಂಟು. ಲೋಟದಲ್ಲಿ ಸ್ವಲ್ಪ ನೀರಿಗೆ ನಾಲ್ಕು ಹನಿ ಪಾಕ ಬಿಟ್ಟು, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಹಣ್ಣಿನದೇ ಬಣ್ಣವಾದರೆ ಕೆಂಪು ಹೋಗಿ ನೀಲಿ, ಬೂದು ಕಡೆಗೆ ತಿರುಗುತ್ತದೆ. ಕೆಂಪು ಕೆಂಪಾಗಿಯೇ ಉಳಿದರೆ ಸಂಶಯಪಡಿ. ಮಕ್ಕಳಿಗೆ ತೋರಿಸಿದರೆ ಅವರು ಮರೆಯುವುದಿಲ್ಲ.

ಕುಡಿಯುವ ಕ್ರಮ

ಒಂದು ಪಾಲು ಪಾಕಕ್ಕೆ ಐದು ಪಾಲು ತಣ್ಣೀರು, ಒಂದು ಚಿಟಿಕೆ ಉಪ್ಪು, ಹುರಿದ ಜೀರಿಗೆಪುಡಿ. ಜೀರಿಗೆಯನ್ನು ಬಾಟಲಿಗೆ ಹಾಕಬೇಡಿ, ಲೋಟಕ್ಕೆ ಹಾಕಿ. ಎರಡು ಲೀಟರ್ ಪಾಕದಿಂದ 200 ಮಿಲಿಯ 55-60 ಲೋಟ ಆಗುತ್ತದೆ. ಒಂದು ಹಬ್ಬದ ಊಟಕ್ಕೆ ಬಂದವರಿಗೆಲ್ಲ ಸಾಕು.

ನೀರಿನ ಬದಲು ಸೋಡಾ ಹಾಕಿದರೆ ಪೇಟೆಯ ಬಾಟಲಿ ಕೇಳುವ ಮಕ್ಕಳೂ ಸುಮ್ಮನಾಗುತ್ತಾರೆ. ಇದು ನಮ್ಮೂರಿನದೇ ಯುಕ್ತಿ ಅಂತಲ್ಲ. ಸ್ಪೇನ್ ದೇಶದವರು ಸೆಕೆಗಾಲದಲ್ಲಿ ಕೆಂಪು ವೈನಿಗೆ ನಿಂಬೆಯ ಸೋಡಾ ಮತ್ತು ಐಸು ಬೆರೆಸಿ ಕುಡಿಯುತ್ತಾರೆ. ಅದರ ಹೆಸರೇ 'ಬೇಸಿಗೆಯ ಕೆಂಪು ವೈನ್' ಎಂದು. ಅವರಿಗೆ ದ್ರಾಕ್ಷಿ ಬೆಳೆಯುತ್ತದೆ, ಅದನ್ನು ಲೋಟಕ್ಕೆ ತಂದರು. ನಮಗೆ ಪುನರ್ಪುಳಿ ಬೆಳೆಯುತ್ತದೆ. ಅಮಲಿಲ್ಲ, ಆದ ಕಾರಣ ಅಜ್ಜನಿಂದ ಪುಳ್ಳಿಯವರೆಗೆ ಎಲ್ಲರೂ ಕುಡಿಯಬಹುದು.

ಒಂದು ಎಚ್ಚರಿಕೆ. ಒಂದು ಲೋಟ ಶರಬತ್ತಿನಲ್ಲಿ 30 ಗ್ರಾಮಿಗಿಂತ ಹೆಚ್ಚು ಸಕ್ಕರೆ ಇರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಹೇಳಿದ್ದಲ್ಲ. ಅವರಿಗೆ ಒಣಸಿಪ್ಪೆ ಒಳ್ಳೆಯದು. ಹೋಳು ಮಾಡಿದ ಸಿಪ್ಪೆಗೆ ಉಪ್ಪು ಸವರಿ, ತಿರುಳಿನ ರಸದಲ್ಲಿ ದಿನಾ ಅದ್ದಿ ಒಂದು ವಾರ ಬಿಸಿಲಿಗೆ ಹರವಿದರೆ ಚೆನ್ನಾಗಿ ಒಣಗುತ್ತದೆ. ಒಂದು ಲೀಟರ್ ನೀರಿಗೆ ಏಳೆಂಟು ಸಿಪ್ಪೆ ಹಾಕಿ ಎರಡು ಗಂಟೆ ಬಿಟ್ಟು, ಹಿಚುಕಿ, ಜೀರಿಗೆ ಹಾಕಿದರೆ ಸಕ್ಕರೆಯಿಲ್ಲದ ಪಾನೀಯ ತಯಾರು. ಮಳೆಗಾಲದ ಸಾರಿಗೂ ಅದೇ ಸಿಪ್ಪೆ.

ಉಳಿದದ್ದೂ ಬಿಸಾಡುವಂಥದ್ದಲ್ಲ

ಪಾಕ ಸೋಸಿದ ಮೇಲೆ ಉಳಿಯುವ ಸಿಹಿ ಸಿಪ್ಪೆಯನ್ನು ಎರಡು ದಿನ ಒಣಗಿಸಿದರೆ ಮಕ್ಕಳಿಗೆ ಮಿಠಾಯಿ. ಬೀಜ ತೊಳೆದು ಒಣಗಿಸಿ, ಗುದ್ದಿ ಪುಡಿ ಮಾಡಿ, ನೀರಲ್ಲಿ ಕುದಿಸಿದರೆ ಮೇಲೆ ಕೊಬ್ಬು ತೇಲುತ್ತದೆ. ತಣಿದ ಮೇಲೆ ಗಟ್ಟಿಯಾಗುವ ಇದು ಒಡೆದ ಹಿಮ್ಮಡಿಗೆ ನಮ್ಮ ಹಿರಿಯರ ಮುಲಾಮು. ಪೇಟೆಯಲ್ಲಿ ಇದೇ ಕೊಬ್ಬು ಕ್ರೀಮು, ಸೋಪುಗಳಿಗೆ ಹೋಗುತ್ತದೆ.

ಮರ ಉಳಿದರೆ ಶರಬತ್ತು

ಗುಡ್ಡೆ ತಟ್ಟು ಮಾಡಿ ರಬ್ಬರು ಇಡುವಾಗ ಮೊದಲು ಹೋಗುವುದು ಇಂಥ ಮರಗಳೇ. 'ಕಾಯಿ ಬಿಡದ ಮರ' ಎಂದು ಕಡಿಯುವವರು ಒಂದು ವಿಷಯ ತಿಳಿದಿರಬೇಕು. ಪುನರ್ಪುಳಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಗಿಡ ಯಾವುದೆಂದು ಹೂ ಬಿಡುವವರೆಗೆ, ಅಂದರೆ ಏಳೆಂಟು ವರ್ಷ, ಗೊತ್ತಾಗುವುದಿಲ್ಲ. ಗಂಡು ಮರ ಕಾಯಿ ಕೊಡದಿದ್ದರೂ ಅದರ ಪರಾಗ ಬೇಕು. ಹತ್ತು ಹೆಣ್ಣಿಗೆ ಒಂದಾದರೂ ಗಂಡು ಇರಲಿ.

ಹೊಸದಾಗಿ ನೆಡುವವರು ಹೆಣ್ಣು ಮರದ ಕಸಿಗಿಡವನ್ನೇ ನೆಡಿ. ನಾಲ್ಕೈದು ವರ್ಷದಲ್ಲಿ ಫಲ ಸುರು. ಕಸಿಕಡ್ಡಿಗೆ ಮರ ಆರಿಸುವಾಗ ಹಣ್ಣಿನ ದೊಡ್ಡಸ್ತಿಕೆ ಮಾತ್ರ ನೋಡಬೇಡಿ, ಮಳೆಗೆ ಮೊದಲು ಹಣ್ಣಾಗುತ್ತದೆಯೇ ಎಂದು ನೋಡಿ. ಮಹಾರಾಷ್ಟ್ರದ ದಾಪೋಲಿ ಕೃಷಿ ವಿದ್ಯಾಪೀಠ ಬಿಡುಗಡೆ ಮಾಡಿದ 'ಕೊಂಕಣ ಅಮೃತಾ' ತಳಿಯ ದೊಡ್ಡ ಗುಣವೂ ಅದೇ, ಹೆಚ್ಚಿನ ಹಣ್ಣು ಮಳೆಗೆ ಮುಂಚೆ ಕೈಗೆ ಬರುವುದು. ಅಲ್ಲಿನ ಸಿಂಧುದುರ್ಗ-ರತ್ನಾಗಿರಿಯ ಕೋಕಂಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ನಮ್ಮ ಗುಡ್ಡೆಗಳಲ್ಲೂ ಮಳೆಗೆ ಮೊದಲು ಹಣ್ಣಾಗುವ ಮರಗಳಿವೆ, ಹುಡುಕಬೇಕು ಅಷ್ಟೆ.

ಮಾರುವ ಯೋಚನೆ ಇದ್ದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಬಾಟಲಿಯ ಮೇಲೆ ತಯಾರಿಸಿದ ದಿನಾಂಕ ಬರೆಯಿರಿ. ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ಬಾಯಾರಿದವರಿಗೆ ಬರಗಾಲವಿಲ್ಲ. ಆದರೆ ಮೊದಲು ಮನೆಗೆ ಒಂದು ಭರಣಿ ಮಾಡಿ ನೋಡಿ, ಮುಂದಿನ ಬೇಸಿಗೆಯವರೆಗೆ ಕೆಡದೆ ನಿಂತರೆ ಮಾತ್ರ ಮಾರಾಟಕ್ಕೆ ಇಳಿಯಿರಿ.

ಈ ಬಾರಿ ಕಾಯಿ ಬಲಿಯುವಾಗ ಒಮ್ಮೆ ಗುಡ್ಡೆ ಸುತ್ತಿ ಬನ್ನಿ. ಬೇಗ ಹಣ್ಣಾಗುವ ಹೆಣ್ಣು ಮರಕ್ಕೆ ಸುಣ್ಣದ ಗುರುತು ಹಾಕಿ. ಜೇಸೀಬಿಯವನಿಗೆ ಯಾವ ಮರ ಬಿಡಬೇಕೆಂದು ಹೇಳಲು ಆ ಗುರುತು ಬೇಕಾಗುತ್ತದೆ.