ಹವಾನಿಯಂತ್ರಣ: ವಿದ್ಯುತ್ ಬಿಲ್ಲಿನಲ್ಲಿ ಕಾಣದ ಅನಿಲದ ಲೆಕ್ಕ

ಪ್ರತಿ ವರ್ಷ ಮಾರ್ಚ್ ತಿಂಗಳು ಬಂದೊಡನೆ ನಮ್ಮ ಅಂಗಡಿ, ಕಚೇರಿ ಹಾಗೂ ಸಣ್ಣ ಕಾರ್ಖಾನೆಗಳಲ್ಲಿ ಹವಾನಿಯಂತ್ರಣ ಯಂತ್ರಗಳು ದಿನವಿಡೀ ಓಡತೊಡಗುತ್ತವೆ. ಇವುಗಳಿಂದ ಹವಾಮಾನದ ಮೇಲಾಗುವ ಪರಿಣಾಮದ ಮಾತು ಬಂದಾಗ ವಿದ್ಯುತ್ ಬಳಕೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಯಂತ್ರದೊಳಗಿನ ಶೀತಕ ಅನಿಲವು ಲೆಕ್ಕದಿಂದ ಹೊರಗೇ ಉಳಿದುಬಿಡುತ್ತದೆ. ಉದ್ದಿಮೆಗಳಿಗೆ ಸಲಹೆ ನೀಡುವ ಪರಿಸರ ಪರಿಣತರು ಮತ್ತು ಇಂಧನ ಲೆಕ್ಕ ಪರಿಶೋಧಕರು ತಮ್ಮ ವರದಿಯಲ್ಲಿ ಕೊಡಬೇಕಾದುದು, ಅವರನ್ನು ನೇಮಿಸಿಕೊಳ್ಳುವ ಸದಸ್ಯರು ಕೇಳಿ ಪಡೆಯಬೇಕಾದುದು ಈ ಅನಿಲದ ಲೆಕ್ಕ.

ಒಂದು ಕಿಲೋಗ್ರಾಂ ಅನಿಲವು ವಾತಾವರಣ ಸೇರಿದಲ್ಲಿ 100 ವರ್ಷಗಳ ಅವಧಿಯಲ್ಲಿ ಎಷ್ಟು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾಗಿ ಶಾಖವನ್ನು ಹಿಡಿದಿಡುತ್ತದೆ ಎಂಬುದನ್ನು ಅದರ ಜಾಗತಿಕ ತಾಪನ ಸಾಮರ್ಥ್ಯ ಎನ್ನುತ್ತಾರೆ. ಹಳೆಯ ಯಂತ್ರಗಳಲ್ಲಿರುವ ಆರ್-22 ಅನಿಲಕ್ಕೆ ಇದು 1810. ಅನಂತರ ಬಂದ ಆರ್-410ಎ ಅನಿಲಕ್ಕೆ 2088. ಈಗ ಹೆಚ್ಚಾಗಿ ಮಾರಾಟವಾಗುವ ಆರ್-32ಕ್ಕೆ 675. ಪ್ರೊಪೇನ್, ಅಂದರೆ ಆರ್-290ಕ್ಕೆ ಇದು 5ಕ್ಕಿಂತ ಕಡಿಮೆ.

ಒಂದೂವರೆ ಟನ್ ಸಾಮರ್ಥ್ಯದ ಸ್ಪ್ಲಿಟ್ ಏ.ಸಿ.ಯಲ್ಲಿ ಸುಮಾರು ಒಂದು ಕಿಲೋಗ್ರಾಂ ಅನಿಲವಿರುತ್ತದೆ. ಅದು ವರ್ಷಕ್ಕೆ 1200 ಯೂನಿಟ್ ವಿದ್ಯುತ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. ನಮ್ಮ ವಿದ್ಯುತ್ ಜಾಲದಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ವರ್ಷಕ್ಕೆ 840 ಕಿಲೋಗ್ರಾಂ ಆಯಿತು. ಅದೇ ಯಂತ್ರದ ಆರ್-22 ಅನಿಲ ಒಮ್ಮೆ ಪೂರ್ತಿಯಾಗಿ ಸೋರಿಹೋದರೆ 1810 ಕಿಲೋಗ್ರಾಂ, ಅಂದರೆ ಎರಡು ವರ್ಷಗಳ ವಿದ್ಯುತ್ತಿನ ಪರಿಣಾಮಕ್ಕಿಂತಲೂ ಹೆಚ್ಚು. ಐದು ಸ್ಟಾರ್ ಯಂತ್ರ ಕೊಂಡು ಉಳಿಸಿದ್ದನ್ನು ಒಂದು ಸಡಿಲ ನಟ್ಟು ಕಳೆದುಬಿಡಬಲ್ಲುದು.

ನಮ್ಮ ಪರಿಚಯದ ಜವಳಿ ಅಂಗಡಿಯೊಂದರಲ್ಲಿ ಮೂರು ಬೇಸಿಗೆ ಸತತವಾಗಿ ಒಂದೇ ಯಂತ್ರಕ್ಕೆ ಗ್ಯಾಸ್ ತುಂಬಿಸಲಾಯಿತು. ಮಾಲೀಕರು ಅದನ್ನು ವಾಹನಕ್ಕೆ ಪೆಟ್ರೋಲ್ ಹಾಕಿಸಿದಂತೆ ವಾರ್ಷಿಕ ಖರ್ಚೆಂದೇ ಭಾವಿಸಿದ್ದರು. ಆದರೆ ಶೀತಕ ಅನಿಲ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಅನಿಲ ಯಂತ್ರದ ಆಯುಷ್ಯವಿಡೀ ಸುತ್ತುತ್ತಿರಬೇಕು. ಕಡಿಮೆಯಾಗಿದೆ ಎಂದರೆ ಸೋರುತ್ತಿದೆ ಎಂದೇ ಅರ್ಥ. ಅನಿಲ ಕಡಿಮೆಯಾದ ಯಂತ್ರ ತಂಪು ನೀಡಲು ಹೆಚ್ಚು ಹೊತ್ತು ಓಡಿ ವಿದ್ಯುತ್ ಬಿಲ್ಲನ್ನೂ ಏರಿಸುತ್ತದೆ. ಸೋರಿಕೆಯು ಸಾಮಾನ್ಯವಾಗಿ ತಾಮ್ರದ ಕೊಳವೆಯ ಜೋಡಣೆಯಲ್ಲಿ, ಬೆಸುಗೆಯಲ್ಲಿ ಅಥವಾ ಕಾಯಿಲ್‌ನ ಸೂಕ್ಷ್ಮ ರಂಧ್ರಗಳಲ್ಲಿ ಕಂಡುಬರುತ್ತದೆ. ಮಂಗಳೂರು, ಕಾರವಾರದಂತಹ ಕಡಲತೀರದ ಊರುಗಳಲ್ಲಿ ಉಪ್ಪಿನ ಗಾಳಿಯಿಂದ ಹೊರಗಿನ ಘಟಕದ ಕಾಯಿಲ್ ಬೇಗನೆ ಸವೆಯುತ್ತದೆ.

ಆದುದರಿಂದ ವಾರ್ಷಿಕ ನಿರ್ವಹಣಾ ಕರಾರಿನಲ್ಲಿ "ಗ್ಯಾಸ್ ಟಾಪ್-ಅಪ್ ಉಚಿತ" ಎಂಬ ಸಾಲನ್ನು ಕಂಡು ಸಂತೋಷಪಡುವ ಅಗತ್ಯವಿಲ್ಲ. ಮೊದಲು ನೈಟ್ರೋಜನ್ ತುಂಬಿ ಒತ್ತಡದ ಪರೀಕ್ಷೆ ನಡೆಸಿ ಸೋರುವ ಜಾಗವನ್ನು ಪತ್ತೆಹಚ್ಚಿ ಸರಿಪಡಿಸತಕ್ಕದ್ದು, ತರುವಾಯ ವ್ಯಾಕ್ಯೂಮ್ ಪಂಪಿನಿಂದ ಕೊಳವೆಯ ಗಾಳಿ ಮತ್ತು ತೇವಾಂಶವನ್ನು ಹೊರತೆಗೆಯತಕ್ಕದ್ದು, ಯಂತ್ರದ ಫಲಕದಲ್ಲಿ ನಮೂದಿಸಿದ ತೂಕದಷ್ಟೇ ಅನಿಲವನ್ನು ತಕ್ಕಡಿಯಲ್ಲಿ ತೂಗಿ ತುಂಬತಕ್ಕದ್ದು ಎಂಬ ಷರತ್ತುಗಳು ಕರಾರಿನಲ್ಲಿರಲಿ. ಅಂದಾಜಿನ ಮೇಲೆ ತುಂಬುವ ಮೆಕ್ಯಾನಿಕ್‌ಗಿಂತ ತಕ್ಕಡಿ ತರುವವನ ದರ ತುಸು ಹೆಚ್ಚಿರಬಹುದು. ಮೂರು ಬೇಸಿಗೆಯ ಗ್ಯಾಸಿನ ಬಿಲ್ಲುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಅದು ಹೆಚ್ಚೆನಿಸದು.

ವರ್ತಕರಿಗೆ ದಾಸ್ತಾನು ಪುಸ್ತಕ ಹೊಸದಲ್ಲ. ಪ್ರತಿ ಯಂತ್ರಕ್ಕೂ ಒಂದು ಪುಟ ತೆರೆದು, ಅನಿಲದ ಹೆಸರು, ಮೂಲ ತೂಕ, ಆ ವರ್ಷ ತುಂಬಿದ ತೂಕ ಇಷ್ಟನ್ನು ಬರೆದರೆ ಸಾಕು. ಸೋರಿಹೋದದ್ದು ಎಷ್ಟೆಂದು ತುಂಬಿದ ತೂಕವೇ ತಿಳಿಸುತ್ತದೆ. ಅದನ್ನು ತಾಪನ ಸಾಮರ್ಥ್ಯದಿಂದ ಗುಣಿಸಿ ವಿದ್ಯುತ್ತಿನ ಅಂಕಿಯ ಪಕ್ಕದಲ್ಲಿ ಬರೆಯುವುದು ಪರಿಣತರ ಕೆಲಸ. ಈ ಅಂಕಣವಿಲ್ಲದ ವರದಿಯನ್ನು ಪೂರ್ಣವೆಂದು ಸ್ವೀಕರಿಸಬೇಕಾಗಿಲ್ಲ.

ವಿದ್ಯುತ್ತಿನ ಕಡೆಯ ಕ್ರಮಗಳು ಬಹುಮಟ್ಟಿಗೆ ಪರಿಚಿತವಾದವೇ. ಸ್ಟಾರ್ ಗುರುತಿನ ಕೊಠಡಿ ಏ.ಸಿ.ಗಳು 2020ರ ಜನವರಿ 1ರಿಂದ 24 ಡಿಗ್ರಿಗೆ ಹೊಂದಿಸಿಯೇ ಕಾರ್ಖಾನೆಯಿಂದ ಬರುತ್ತಿವೆ. ಉಷ್ಣಾಂಶವನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಅಂದಾಜು. ತಾರಸಿಗೆ ಬಿಳಿಯ ಬಣ್ಣ ಬಳಿದು, ಪಶ್ಚಿಮದ ಗಾಜಿಗೆ ಹೊರಗಿನಿಂದ ನೆರಳು ಮಾಡಿದ ನಂತರವೇ ಎಷ್ಟು ಟನ್ನಿನ ಯಂತ್ರ ಬೇಕೆಂದು ನಿರ್ಧರಿಸುವುದು ಒಳಿತು.

ಅನಿಲದ ವಿಷಯದಲ್ಲಿ ಕಾಲಮಿತಿಯೂ ಇದೆ. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಭಿವೃದ್ಧಿಶೀಲ ರಾಷ್ಟ್ರಗಳು 2030ರೊಳಗೆ ಆರ್-22ರಂತಹ ಅನಿಲಗಳನ್ನು ಕೈಬಿಡಬೇಕು. ಹಳೆಯ ಯಂತ್ರಗಳ ದುರಸ್ತಿಗೆಂದು ಅತ್ಯಲ್ಪ ಪ್ರಮಾಣವಷ್ಟೇ 2040ರವರೆಗೆ ದೊರೆಯಲಿದೆ. ಆರ್-410ಎ ಹಾಗೂ ಆರ್-32 ಗುಂಪಿನ ಅನಿಲಗಳಿಗೆ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ತಿದ್ದುಪಡಿಯಾಯಿತು. ಭಾರತ ಅದನ್ನು 2021ರಲ್ಲಿ ಅನುಮೋದಿಸಿತು. ಅದರಂತೆ ನಮ್ಮ ಬಳಕೆಗೆ 2028ರಲ್ಲಿ ಮಿತಿ ಬೀಳಲಿದ್ದು, 2032ರಿಂದ ಹಂತಹಂತವಾಗಿ ಇಳಿಸಿ 2047ರ ವೇಳೆಗೆ ಶೇಕಡಾ 85ರಷ್ಟು ಕಡಿತಗೊಳಿಸಬೇಕಾಗಿದೆ. ಪೂರೈಕೆ ಇಳಿಯುವ ಸರಕಿನ ಬೆಲೆ ಏನಾಗಬಹುದೆಂದು ಈ ಪತ್ರಿಕೆಯ ಓದುಗರಿಗೆ ಬೇರೆಯವರು ಹೇಳಬೇಕಾಗಿಲ್ಲ. ಹೊಸ ಯಂತ್ರ ಕೊಳ್ಳುವಾಗ ಸ್ಟಾರುಗಳ ಜೊತೆಗೆ ಅನಿಲದ ಹೆಸರನ್ನೂ ಓದುವುದು ಸೂಕ್ತ. ಹಾಗೆಂದು ಅಗ್ಗಕ್ಕೆ ಸಿಗುವುದೆಂದು ಆರ್-22ರ ಹಳೆಯ ಯಂತ್ರಕ್ಕೆ ಪ್ರೊಪೇನ್ ತುಂಬಿಸುವುದು ಸರ್ವಥಾ ಸಲ್ಲದು. ಅದು ಬೆಂಕಿ ಹೊತ್ತುವ ಅನಿಲ, ಆ ಯಂತ್ರಗಳು ಅದಕ್ಕಾಗಿ ರೂಪಿತವಾದವಲ್ಲ.

ಅನಿಲ ಅತಿ ಹೆಚ್ಚು ಪೋಲಾಗುವ ಇನ್ನೊಂದು ಸಂದರ್ಭ ಅಂಗಡಿಯ ಸ್ಥಳಾಂತರ. ಅವಸರದಲ್ಲಿ ಕೊಳವೆ ಬಿಚ್ಚಿ ಎಲ್ಲವನ್ನೂ ಗಾಳಿಗೆ ಬಿಡುವವರೇ ಹೆಚ್ಚು. ನುರಿತ ಮೆಕ್ಯಾನಿಕ್ ದ್ರವದ ವಾಲ್ವನ್ನು ಮುಚ್ಚಿ, ಯಂತ್ರವನ್ನು ಕೊಂಚ ಹೊತ್ತು ಓಡಿಸಿ, ಅನಿಲವನ್ನೆಲ್ಲ ಹೊರಘಟಕದೊಳಗೆ ಎಳೆದುಕೊಂಡು, ಎರಡನೆಯ ವಾಲ್ವನ್ನೂ ಮುಚ್ಚುತ್ತಾನೆ. ಕೆಲವೇ ನಿಮಿಷಗಳ ಕೆಲಸವಿದು. ಹಳೆಯ ಯಂತ್ರವನ್ನು ಗುಜರಿಗೆ ಹಾಕುವಾಗ ಈ ಅನಿಲವನ್ನು ಸಿಲಿಂಡರಿಗೆ ತುಂಬಿಸಿ ತೆಗೆದ ನಂತರವೇ ಯಂತ್ರವನ್ನು ಬಿಟ್ಟುಕೊಡಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಹವಾನಿಯಂತ್ರಣ ಯಂತ್ರಗಳೂ ಸೇರಿವೆ. ತಾಮ್ರದ ಆಸೆಗೆ ಗರಗಸದಿಂದ ಕೊಳವೆ ಕೊಯ್ಯುವ ವ್ಯಾಪಾರಿ ನೂರಿನ್ನೂರು ರೂಪಾಯಿ ಹೆಚ್ಚು ಕೊಟ್ಟರೂ, ನೋಂದಾಯಿತ ಮರುಬಳಕೆದಾರರಿಗೇ ಯಂತ್ರವನ್ನು ಒಪ್ಪಿಸಿ ರಸೀದಿ ಪಡೆದು, ಅದನ್ನು ಆ ಯಂತ್ರದ ಪುಟಕ್ಕೇ ಅಂಟಿಸಿಡಬಹುದು.