ಹಳದಿ ಕಾರ್ಡಿನ ತೂಕ ಎಷ್ಟು?

2010ರ ಜುಲೈ 11, ಭಾನುವಾರ. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ನಗರದಲ್ಲಿ ಸ್ಪೇನ್ ಮತ್ತು ಹಾಲೆಂಡ್ ತಂಡಗಳ ನಡುವೆ ವಿಶ್ವಕಪ್ ಫುಟ್‌ಬಾಲಿನ ಫೈನಲ್ ಪಂದ್ಯ. ನಮ್ಮಲ್ಲಿ ಆಗ ರಾತ್ರಿ ಹನ್ನೆರಡು ಗಂಟೆ. ಆದರೂ ಎಷ್ಟೋ ಮನೆಗಳಲ್ಲಿ ಟಿ.ವಿ. ಆರಿರಲಿಲ್ಲ. ಆಟ ಶುರುವಾಗಿ ಅರ್ಧ ಗಂಟೆ ಆಗುವುದರೊಳಗೆ ಹಾಲೆಂಡಿನ ನೈಜೆಲ್ ಡಿ ಯಾಂಗ್ ಕಾಲೆತ್ತಿ ಬೂಟಿನ ಅಡಿಯಿಂದ ಸ್ಪೇನಿನ ಶಾಬಿ ಅಲೊನ್ಸೊ ಅವರ ಎದೆಗೇ ಒದ್ದರು. ರೆಫರಿ ಹೊವರ್ಡ್ ವೆಬ್ ಹಳದಿ ಕಾರ್ಡ್ ತೋರಿಸಿದರು. ಆಟ ಮುಂದುವರಿಯಿತು.

ಹೆಚ್ಚುವರಿ ಅವಧಿಯ ಕೊನೆಯ ನಿಮಿಷಗಳಲ್ಲಿ ಸ್ಪೇನಿನ ಆಂಡ್ರೆಸ್ ಇನಿಯೆಸ್ಟಾ ಆ ಪಂದ್ಯದ ಒಂದೇ ಒಂದು ಗೋಲನ್ನು ಹೊಡೆದರು. ಓಡುತ್ತಲೇ ಅಂಗಿ ಬಿಚ್ಚಿದರು. ಒಳಗಿನ ಬನಿಯನ್ನಿನ ಮೇಲೆ ಡಾನಿ ಹಾರ್ಕೆ ಸದಾ ನಮ್ಮೊಡನೆ ಇದ್ದಾರೆ ಎಂಬ ಅರ್ಥದ ಮಾತನ್ನು ಬರೆಯಲಾಗಿತ್ತು. ಹಾರ್ಕೆ ಇನಿಯೆಸ್ಟಾರ ಗೆಳೆಯ, ಬಾರ್ಸಿಲೋನ ನಗರದ ಇನ್ನೊಂದು ಕ್ಲಬ್ಬಾದ ಎಸ್ಪನ್ಯೋಲ್‌ನ ನಾಯಕ. 2009ರ ಆಗಸ್ಟ್‌ನಲ್ಲಿ, ಕೇವಲ 26ನೇ ವಯಸ್ಸಿನಲ್ಲಿ, ಹೃದಯ ನಿಂತು ತೀರಿಕೊಂಡಿದ್ದರು. ಅಂಗಿ ಬಿಚ್ಚಿದ ಇನಿಯೆಸ್ಟಾರಿಗೂ ವೆಬ್ ಹಳದಿ ಕಾರ್ಡ್ ತೋರಿಸಿದರು.

ಎದೆಗೆ ಒದ್ದವರಿಗೂ ಹಳದಿ, ಅಗಲಿದ ಗೆಳೆಯನನ್ನು ನೆನೆದವರಿಗೂ ಹಳದಿ! ಪ್ರಿಯ ಓದುಗರೇ, ಇದು ನ್ಯಾಯವೇ? ಆಟದ ಮಾತು ನಮ್ಮ ಈ ಪುಟಕ್ಕೆ ಏಕೆ ಎಂದು ಯಾರಾದರೂ ಕೇಳಬಹುದು. ಚಿಕ್ಕ ತಪ್ಪಿಗೆ ಎಷ್ಟು ಶಿಕ್ಷೆ ಎಂಬ ಪ್ರಶ್ನೆ ಮೈದಾನಕ್ಕಿಂತ ಹೆಚ್ಚಾಗಿ ನಮ್ಮ ಅಡುಗೆಮನೆಯಲ್ಲಿ, ಶಾಲೆಯಲ್ಲಿ, ಪಾಪನಿವೇದನೆಯ ಪೀಠದ ಮುಂದೆ ಏಳುತ್ತದೆ. ಮೈದಾನದಲ್ಲಿ ಅದು ಎಲ್ಲರ ಕಣ್ಣಿಗೂ ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಜಗದ್ಗುರು ಎರಡನೆಯ ಜಾನ್ ಪಾಲ್‌ರವರೂ ಬಾಲ್ಯದಲ್ಲಿ ತಮ್ಮ ಊರಾದ ವಾಡೊವಿಟ್ಸೆಯಲ್ಲಿ ಗೋಲ್‌ಕೀಪರ್ ಆಗಿ ಆಡಿದವರೇ.

ಕಾರ್ಡ್ ಬಂದ ಬಗೆ

ಈ ಕಾರ್ಡುಗಳು ಹುಟ್ಟಿದ್ದು ಒಂದು ಗೊಂದಲದಿಂದ. 1966ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನ ಆಡುತ್ತಿದ್ದಾಗ ಜರ್ಮನಿಯ ರೆಫರಿಯೊಬ್ಬರು ಅರ್ಜೆಂಟೀನದ ನಾಯಕ ರಟ್ಟೀನ್ ಅವರನ್ನು ಹೊರಗೆ ಕಳುಹಿಸಿದರು. ರೆಫರಿಗೆ ಸ್ಪ್ಯಾನಿಷ್ ಬಾರದು, ನಾಯಕನಿಗೆ ಜರ್ಮನ್ ಬಾರದು. ಅವರು ಹೊರಗೆ ಹೋಗಲು ಒಪ್ಪದೆ ಬಹಳ ಹೊತ್ತು ನಿಂತೇ ಇದ್ದರು. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಚಾರ್ಲ್‌ಟನ್ ಸಹೋದರರಿಗೂ ಎಚ್ಚರಿಕೆ ಕೊಡಲಾಗಿತ್ತು. ಅದು ಅವರಿಗೆ ಗೊತ್ತಾದದ್ದು ಮರುದಿನದ ಪತ್ರಿಕೆಯಿಂದ! ಆ ಟೂರ್ನಿಯ ರೆಫರಿಗಳ ಮುಖ್ಯಸ್ಥರಾಗಿದ್ದ ಕೆನ್ ಆಸ್ಟನ್ ಲಂಡನ್ನಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ ಟ್ರಾಫಿಕ್ ದೀಪ ನೋಡಿ ಉಪಾಯ ಕಂಡುಕೊಂಡರು. ಹಳದಿ ಎಂದರೆ ನಿಧಾನ, ಕೆಂಪು ಎಂದರೆ ನಿಲ್ಲು. 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಕಾರ್ಡುಗಳು ಜಾರಿಗೆ ಬಂದವು. ಆ ಸಲ ಯಾರಿಗೂ ಕೆಂಪು ಕಾರ್ಡ್ ತೋರಿಸುವ ಪ್ರಸಂಗವೇ ಬರಲಿಲ್ಲ.

ಇಲ್ಲಿ ಒಂದು ಅಂಶ ಗಮನಿಸಬೇಕು. ಹಳದಿ ಕಾರ್ಡ್ ಮೊದಲು ಬಂದದ್ದು ಎಚ್ಚರಿಕೆಯಾಗಿ, ತಪ್ಪು ಮಾಡಿದವನಿಗೆ ಅವನ ತಪ್ಪು ತಿಳಿಯಲೆಂದು. ಅದನ್ನು ಲೆಕ್ಕ ಇಟ್ಟು, ಕೂಡಿಸಿ, ಮುಂದಿನ ಪಂದ್ಯಕ್ಕೆ ಕೊಂಡೊಯ್ದಾಗ ಅದೇ ಎಚ್ಚರಿಕೆ ಭಾರವಾದ ಶಿಕ್ಷೆಯಾಗುತ್ತದೆ.

1990ರಲ್ಲಿ ಇಟಲಿಯ ವಿರುದ್ಧ ಸೆಮಿಫೈನಲ್‌ನಲ್ಲಿ ಗೋಲು ಹೊಡೆದು ಅರ್ಜೆಂಟೀನವನ್ನು ಉಳಿಸಿದ ಕನೀಜಿಯಾ, ಅದೇ ಪಂದ್ಯದಲ್ಲಿ ಚೆಂಡಿಗೆ ಕೈ ತಾಗಿಸಿದ್ದಕ್ಕೆ ಹಳದಿ ಕಾರ್ಡ್ ಪಡೆದರು. ಆ ಟೂರ್ನಿಯಲ್ಲಿ ಹಿಂದಿನದೊಂದು ಇತ್ತು. ಎರಡು ಕೂಡಿ ಫೈನಲ್ ತಪ್ಪಿತು. 2002ರ ಕಥೆಯಂತೂ ಇನ್ನೂ ಮನಸ್ಸು ಕಲಕುವಂಥದ್ದು. ಸೆಮಿಫೈನಲ್‌ನಲ್ಲಿ ದಕ್ಷಿಣ ಕೊರಿಯದ ಆಟಗಾರನೊಬ್ಬ ಚೆಂಡಿನೊಡನೆ ನುಗ್ಗಿ ಬರುತ್ತಿದ್ದಾಗ ಜರ್ಮನಿಯ ಮಿಖಾಯೆಲ್ ಬಲ್ಲಾಕ್ ಅವನನ್ನು ಕೆಡವಿದರು. ಅದು ಅವರ ಪಾಲಿನ ಎರಡನೆಯ ಹಳದಿ ಕಾರ್ಡ್. ಇನ್ನು ಫೈನಲ್ ತಮಗಿಲ್ಲವೆಂದು ಅವರಿಗೆ ಗೊತ್ತಿತ್ತು. ಕೆಲವೇ ನಿಮಿಷಗಳಲ್ಲಿ ಅವರೇ ಗೋಲು ಹೊಡೆದು ತಮ್ಮ ತಂಡವನ್ನು ಫೈನಲ್‌ಗೆ ಸೇರಿಸಿದರು. ಅವರಿಲ್ಲದ ಜರ್ಮನಿ 2-0ಯಿಂದ ಬ್ರೆಜಿಲ್‌ಗೆ ಸೋತಿತು.

ಅದೇ ಟೂರ್ನಿಯಲ್ಲಿ ಬ್ರೆಜಿಲ್ಲಿನ ರಿವಾಲ್ಡೊ ಏನು ಮಾಡಿದ್ದರು? ತುರ್ಕಿಯ ಆಟಗಾರನೊಬ್ಬ ಒದ್ದ ಚೆಂಡು ಕಾಲಿಗೆ ತಾಗಿದರೆ, ಮುಖಕ್ಕೆ ಬಡಿದವರಂತೆ ಮುಖ ಮುಚ್ಚಿಕೊಂಡು ನೆಲಕ್ಕೆ ಬಿದ್ದರು. ಆ ಆಟಗಾರನಿಗೆ ಎರಡನೆಯ ಹಳದಿ, ಆದ್ದರಿಂದ ಕೆಂಪು. ರಿವಾಲ್ಡೊಗೆ ಆಮೇಲೆ ಹಣದ ದಂಡ ಮಾತ್ರ. ಅವರು ಒಂದು ಪಂದ್ಯವನ್ನೂ ಕಳೆದುಕೊಳ್ಳದೆ ಫೈನಲ್ ಆಡಿ ಕಪ್ ಎತ್ತಿದರು. ಕಾಲು ಅಡ್ಡ ಇಟ್ಟವರಿಗೆ ಫೈನಲ್ ತಪ್ಪಿತು, ಸುಳ್ಳು ನಟಿಸಿದವರಿಗೆ ತಪ್ಪಲಿಲ್ಲ. ಇದನ್ನು ನ್ಯಾಯ ಎನ್ನಲು ನನಗಂತೂ ನಾಲಿಗೆ ಬರುವುದಿಲ್ಲ.

ಪವಿತ್ರ ಗ್ರಂಥದ ಅಳತೆ

ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಎಂಬ ವಿಮೋಚನಾಕಾಂಡದ ನಿಯಮವನ್ನು (21ನೇ ಅಧ್ಯಾಯ) ಕ್ರೂರ ಎಂದುಕೊಳ್ಳುವವರೇ ಹೆಚ್ಚು. ಆದರೆ ಅಂದಿನ ಕಾಲಕ್ಕೆ ಅದೊಂದು ಮಿತಿ. ಒಂದು ಕಣ್ಣಿಗೆ ಒಂದೇ ಕಣ್ಣು. ಒಂದು ಹಲ್ಲಿಗಾಗಿ ಒಂದು ಜೀವ ತೆಗೆಯುವಂತಿಲ್ಲ. ಧರ್ಮೋಪದೇಶಕಾಂಡದ 25ನೇ ಅಧ್ಯಾಯ ಇನ್ನೂ ಸೂಕ್ಷ್ಮವಾಗಿದೆ. ತಪ್ಪಿತಸ್ಥನಿಗೆ ಹೊಡೆಸುವುದಾದರೆ ನ್ಯಾಯಾಧಿಪತಿಯ ಕಣ್ಣೆದುರಿನಲ್ಲೇ, ತಪ್ಪಿಗೆ ತಕ್ಕಷ್ಟು ಎಣಿಸಿ ಹೊಡೆಸಬೇಕು, ನಲವತ್ತನ್ನು ಮೀರಬಾರದು. ಮೀರಿದರೆ ಆ ಸಹೋದರ ಜನರ ಕಣ್ಣಿಗೆ ಕೀಳಾಗಿ ಕಾಣುತ್ತಾನೆ ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ಪೆಟ್ಟು ತಿನ್ನುವವನನ್ನು ಅಲ್ಲಿ ಸಹೋದರ ಎಂದೇ ಕರೆದಿದೆ ನೋಡಿ! ಎಣಿಕೆ ತಪ್ಪಿ ಮಿತಿ ಮೀರೀತೆಂಬ ಭಯದಿಂದ ಯೆಹೂದ್ಯರು ಮೂವತ್ತೊಂಬತ್ತಕ್ಕೇ ನಿಲ್ಲಿಸುತ್ತಿದ್ದರು. ಸಂತ ಪೌಲರು ತಾವು ಐದು ಸಾರಿ ಹಾಗೆ ಒಂದು ಕಡಿಮೆ ನಲವತ್ತು ಪೆಟ್ಟು ತಿಂದದ್ದನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ (11: 24) ಹೇಳಿಕೊಂಡಿದ್ದಾರೆ.

ಪ್ರಭು ಯೇಸು ಈ ಅಳತೆಗೆ ಇನ್ನೊಂದನ್ನು ಸೇರಿಸುತ್ತಾರೆ. ಯಜಮಾನನ ಇಷ್ಟ ತಿಳಿದೂ ಮಾಡದ ಆಳಿಗೆ ಬಹಳ ಪೆಟ್ಟು, ತಿಳಿಯದೆ ತಪ್ಪಿದವನಿಗೆ ಸ್ವಲ್ಪ ಪೆಟ್ಟು ಎಂಬ ಸಾಮತಿಯನ್ನು ಲೂಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಓದುತ್ತೇವೆ. ಕೃತ್ಯ ಒಂದೇ ಆದರೂ ಒಳಗಿನ ಅರಿವು ಬೇರೆ, ಆದ್ದರಿಂದ ಶಿಕ್ಷೆಯೂ ಬೇರೆ. ಧರ್ಮಸಭೆ ಮಾರಕ ಪಾಪ, ಲಘು ಪಾಪ ಎಂದು ಬೇರ್ಪಡಿಸುವುದೂ ಹೀಗೆಯೇ. ವಿಷಯ ಗಂಭೀರವಾಗಿರಬೇಕು, ಪೂರ್ಣ ಅರಿವು ಇರಬೇಕು, ಮನಃಪೂರ್ವಕ ಸಮ್ಮತಿ ಇರಬೇಕು. ಮೂರೂ ಕೂಡಿದರೆ ಮಾತ್ರ ಪಾಪ ಮಾರಕ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಶಿಕ್ಷೆ ಅಪರಾಧದ ತೂಕಕ್ಕೆ ತಕ್ಕದ್ದಾಗಿರಬೇಕೆಂದೂ, ಸಾಧ್ಯವಾದಷ್ಟೂ ತಪ್ಪಿತಸ್ಥನನ್ನು ತಿದ್ದುವ ಔಷಧವಾಗಬೇಕೆಂದೂ (2266) ಕಲಿಸುತ್ತದೆ. ಶೀತಕ್ಕೂ ಕ್ಷಯಕ್ಕೂ ವೈದ್ಯರು ಒಂದೇ ಔಷಧ ಬರೆಯುತ್ತಾರೆಯೇ?

ಹಾಗಾದರೆ ವೆಬ್ ಮಾಡಿದ್ದು ತಪ್ಪೇ? ಇನಿಯೆಸ್ಟಾರ ವಿಷಯದಲ್ಲಿ ಅಲ್ಲವೇ ಅಲ್ಲ. ಗೋಲು ಹೊಡೆದ ಸಂಭ್ರಮದಲ್ಲಿ ಅಂಗಿ ಬಿಚ್ಚಿದರೆ ಹಳದಿ ಕಾರ್ಡ್ ಕೊಡಲೇಬೇಕೆಂದು 2004ರಿಂದ ನಿಯಮವಿದೆ. ಬನಿಯನ್ನಿನ ಮೇಲೆ ಬರೆದದ್ದು ಗೆಳೆಯನ ಹೆಸರೋ ಬೈಗುಳವೋ ಎಂದು ರೆಫರಿ ಓದಿ ತೀರ್ಮಾನಿಸಲು ಹೊರಟರೆ ನಾಳೆ ಹತ್ತು ದೇಶಗಳು ಹತ್ತು ದೂರು ತರುತ್ತವೆ. ಡಿ ಯಾಂಗ್ ವಿಷಯದಲ್ಲಿ ಅದು ಕೆಂಪು ಕಾರ್ಡ್ ಆಗಬೇಕಿತ್ತೆಂದು ವೆಬ್ ಅವರೇ ಪಂದ್ಯದ ನಂತರ ಒಪ್ಪಿಕೊಂಡರು. ಆ ಕ್ಷಣ ಬೇರೆ ಆಟಗಾರರು ಅಡ್ಡವಾಗಿ ತಮಗೆ ಸರಿಯಾಗಿ ಕಾಣಲಿಲ್ಲ ಎಂದರು. ರೆಫರಿಯ ಬಳಿ ಇರುವುದು ಎರಡೇ ಬಣ್ಣ. ಹೃದಯ ಅವರಿಗೆ ಕಾಣುವುದಿಲ್ಲ. ಕಾಲು ಕಂಡರೆ ಅದೇ ದೊಡ್ಡದು.

ಚಿಕ್ಕದೆಂದು ಬಿಡಬಹುದೇ?

ಇಷ್ಟು ಹೇಳಿದ ಮಾತ್ರಕ್ಕೆ ಚಿಕ್ಕ ತಪ್ಪು ತಪ್ಪೇ ಅಲ್ಲ ಎಂದಾಗುವುದಿಲ್ಲ. 2018ರ ವಿಶ್ವಕಪ್ಪಿನಲ್ಲಿ ಜಪಾನ್ ಮತ್ತು ಸೆನೆಗಲ್ ತಂಡಗಳು ಗುಂಪಿನ ಪಂದ್ಯಗಳ ಕೊನೆಗೆ ಸಮಸಮನಾಗಿ ನಿಂತವು. ಅಂಕ ನಾಲ್ಕು, ಹೊಡೆದ ಗೋಲು ನಾಲ್ಕು, ಬಿಟ್ಟುಕೊಟ್ಟ ಗೋಲು ನಾಲ್ಕು. ಪರಸ್ಪರ ಆಡಿದ ಪಂದ್ಯವೂ 2-2. ಕೊನೆಗೆ ಹಳದಿ ಕಾರ್ಡುಗಳನ್ನು ಎಣಿಸಿದರು. ಜಪಾನ್‌ಗೆ ನಾಲ್ಕು, ಸೆನೆಗಲ್‌ಗೆ ಆರು. ಎರಡು ಕಾರ್ಡುಗಳ ಅಂತರದಲ್ಲಿ ಸೆನೆಗಲ್ ಮನೆಗೆ ಹೋಯಿತು. ವಿಶ್ವಕಪ್ಪಿನಲ್ಲಿ ಹಾಗೆ ಆದದ್ದು ಅದೇ ಮೊದಲು. ಹನಿಹನಿಗೂಡಿದರೆ ಹಳ್ಳ! ಲಘು ಪಾಪಗಳನ್ನು ಹಗುರವೆಂದು ತೂಗಬಹುದು, ಆದರೆ ಎಣಿಸಿದಾಗ ನಡುಗಬೇಕು ಎಂಬ ಅರ್ಥದಲ್ಲಿ ಸಂತ ಅಗುಸ್ತೀನರು ಎಚ್ಚರಿಸಿದ್ದು ಇದನ್ನೇ. ಲಘು ಪಾಪಗಳನ್ನೂ ಪಾಪನಿವೇದನೆಯಲ್ಲಿ ಹೇಳುವುದು ಕಡ್ಡಾಯವಲ್ಲದಿದ್ದರೂ ಒಳ್ಳೆಯದೆಂದು ಧರ್ಮಸಭೆ ಹೇಳುವುದು ಇದೇ ಕಾರಣಕ್ಕೆ.

ಆದರೆ ಆ ದಿನ ಜಪಾನ್ ಏನು ಮಾಡಿತೆಂಬುದನ್ನೂ ಹೇಳಬೇಕು. ಸೆನೆಗಲ್ ಇನ್ನೊಂದು ಮೈದಾನದಲ್ಲಿ ಸೋಲುತ್ತಿದೆ, ಕಾರ್ಡಿನ ಲೆಕ್ಕ ತಮ್ಮ ಕಡೆಗಿದೆ ಎಂದು ತಿಳಿದು, ಪೋಲೆಂಡಿಗೆ ಒಂದು ಗೋಲಿನಿಂದ ಸೋಲುತ್ತಿದ್ದರೂ ಕೊನೆಯ ಹತ್ತು ನಿಮಿಷ ಚೆಂಡನ್ನು ತಮ್ಮೊಳಗೇ ಹಿಂದೆ ಮುಂದೆ ಒದೆಯುತ್ತ ಕಾಲ ಕಳೆದರು. ಪ್ರೇಕ್ಷಕರು ಕೂಗಾಡಿದರು. ಒಂದು ನಿಯಮವೂ ಮುರಿಯಲಿಲ್ಲ, ಒಂದು ಕಾರ್ಡೂ ಬರಲಿಲ್ಲ. ಕಾರ್ಡ್ ಇಲ್ಲದವನೆಲ್ಲ ನೀತಿವಂತ ಎಂದುಕೊಂಡ ಫರಿಸಾಯರು ನಮ್ಮಲ್ಲೂ ಇದ್ದಾರಲ್ಲವೇ!

ಫುಟ್‌ಬಾಲಿನವರು ಕಾಲಕಾಲಕ್ಕೆ ತಮ್ಮ ನಿಯಮ ತಿದ್ದಿಕೊಂಡಿದ್ದಾರೆ ಎಂಬುದು ಅವರ ದೊಡ್ಡತನ. 2010ರ ವಿಶ್ವಕಪ್ಪಿನಲ್ಲಿ, ಕ್ವಾರ್ಟರ್‌ಫೈನಲ್ ಮುಗಿದ ಮೇಲೆ ಒಂಟಿ ಹಳದಿ ಕಾರ್ಡುಗಳನ್ನು ಅಳಿಸಿಹಾಕಿದರು. ಬಲ್ಲಾಕ್‌ಗೆ ಆದಂತೆ ಸೆಮಿಫೈನಲ್ಲಿನ ಒಂದು ಹಳದಿಯಿಂದ ಯಾರಿಗೂ ಫೈನಲ್ ತಪ್ಪದಂತಾಯಿತು. 2016ರಲ್ಲಿ ಇನ್ನೊಂದು ಬದಲಾವಣೆ. ಅದಕ್ಕೆ ಮೊದಲು, ಗೋಲಿನ ಮುಂದಿನ ಪೆನಾಲ್ಟಿ ಆವರಣದಲ್ಲಿ ಖಚಿತ ಗೋಲನ್ನು ತಪ್ಪು ರೀತಿಯಲ್ಲಿ ತಡೆದರೆ ಎದುರಾಳಿಗೆ ಪೆನಾಲ್ಟಿ, ಆಟಗಾರನಿಗೆ ಕೆಂಪು ಕಾರ್ಡ್, ಮೇಲಿಂದ ಮುಂದಿನ ಪಂದ್ಯಕ್ಕೂ ನಿಷೇಧ. ಒಂದು ತಪ್ಪಿಗೆ ಮೂರು ಶಿಕ್ಷೆ. ಚೆಂಡಿಗಾಗಿಯೇ ಪ್ರಾಮಾಣಿಕವಾಗಿ ಯತ್ನಿಸಿ ತಪ್ಪಿದ್ದರೆ ಪೆನಾಲ್ಟಿ ಮತ್ತು ಹಳದಿ ಸಾಕು, ಹಿಡಿದೆಳೆದರೆ ಕೆಂಪೇ ಇರಲಿ ಎಂದು ತಿದ್ದಿದರು. ಅಂದರೆ ಉದ್ದೇಶವನ್ನು ನೋಡಲು ಕಲಿತರು.

ಪಶ್ಚಾತ್ತಾಪಕ್ಕೂ ಅಲ್ಲಿ ಜಾಗ ಉಂಟು. 2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಹೊಡೆದ ಗೋಲನ್ನು ಪ್ರತಿಭಟಿಸಿ ಕೇರಳ ಬ್ಲಾಸ್ಟರ್ಸ್ ತಂಡ ಆಟ ಬಿಟ್ಟು ಹೊರನಡೆಯಿತು. ಅದೇನೂ ಚಿಕ್ಕ ತಪ್ಪಲ್ಲ. ಭಾರತೀಯ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ ಹಾಕಿ, ಬಹಿರಂಗವಾಗಿ ಕ್ಷಮೆ ಕೇಳದಿದ್ದರೆ ಅದು ಆರು ಕೋಟಿ ಎಂದಿತು. ತಪ್ಪೊಪ್ಪಿಗೆಗೆ ಎರಡು ಕೋಟಿ ಬೆಲೆ!

ನಮ್ಮ ಮನೆಯ ರೆಫರಿ

ಈಗ ಮನೆಗೆ ಬರೋಣ. ನೀರು ತರುವಾಗ ಮಗುವಿನ ಕೈಜಾರಿ ಗಾಜಿನ ಲೋಟ ಒಡೆಯಿತು. ಪರೀಕ್ಷೆಯ ಅಂಕಪಟ್ಟಿಗೆ ಅಪ್ಪನ ಸಹಿಯನ್ನು ಮಗನೇ ಹಾಕಿಕೊಂಡ. ಎರಡಕ್ಕೂ ಒಂದೇ ಗದರಿಕೆಯೇ? ಬಹುತೇಕ ಮನೆಗಳಲ್ಲಿ ಲೋಟಕ್ಕೇ ಕೂಗಾಟ ಜಾಸ್ತಿ, ಏಕೆಂದರೆ ಅದರ ಚೂರು ಕಾಲಿಗೆ ಸಿಗುತ್ತದೆ. ಸುಳ್ಳಿನ ಚೂರು ಯಾರ ಕಾಲಿಗೂ ಚುಚ್ಚುವುದಿಲ್ಲ.

ಮೂರು ಶಿಕ್ಷೆಯ ಕಾಯಿದೆಯೂ ನಮ್ಮಲ್ಲಿ ಇನ್ನೂ ರದ್ದಾಗಿಲ್ಲ. ಹುಡುಗಿ ಧರ್ಮೋಪದೇಶ ತರಗತಿಗೆ ತಡವಾಗಿ ಹೋದಳೆಂದು ಅಮ್ಮ ಬೈದರು. ಸಂಜೆ ಅಪ್ಪ ಬಂದ ಮೇಲೆ ವರದಿ, ಮತ್ತೆ ಬೈಗುಳ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಚಿಕ್ಕಮ್ಮ, ದೊಡ್ಡಮ್ಮಂದಿರ ಮುಂದೆ ಅದೇ ಕಥೆ. ಆ ಮೂರನೆಯದು ಅತ್ಯಂತ ಕ್ರೂರ, ಏಕೆಂದರೆ ಧರ್ಮೋಪದೇಶಕಾಂಡ ಹೆದರಿದ್ದು ಅದಕ್ಕೇ: ಸಹೋದರನು ಜನರ ಕಣ್ಣಿಗೆ ಕೀಳಾಗುವುದಕ್ಕೆ. ಹೋದ ವರ್ಷದ ಹಳದಿ ಕಾರ್ಡನ್ನು ಈ ವರ್ಷವೂ ಜೇಬಿನಿಂದ ತೆಗೆಯುವ ಗಂಡಹೆಂಡಿರ ಬಗ್ಗೆ ಬೇರೆಯೇ ಲೇಖನ ಬರೆಯಬೇಕಾದೀತು. ಪಾಪನಿವೇದನೆಯಲ್ಲಿ ಗುರುಗಳ ಮೂಲಕ ದೇವರು ಅಳಿಸಿದ್ದನ್ನು ನಾವು ಮನೆಯಲ್ಲಿ ಮತ್ತೆ ಬರೆದಿಡುವುದು ಯಾವ ನ್ಯಾಯ?

ತಂದೆತಾಯಿಗೆ ರೆಫರಿಗಿಲ್ಲದ ಅನುಕೂಲ ಒಂದಿದೆ. ಅವರ ಬಳಿ ಎರಡೇ ಬಣ್ಣ ಇರುವುದಲ್ಲ. ಮಗುವನ್ನು ಹತ್ತಿರ ಕೂರಿಸಿಕೊಂಡು ಏನಾಯಿತು, ಏಕೆ ಮಾಡಿದೆ ಎಂದು ಕೇಳುವಷ್ಟು ಸಮಯವಿದೆ. ಬಿಷಪರು ಕೂಡ ಸೋದರ ಬುದ್ಧಿಮಾತು, ಎಚ್ಚರಿಕೆ, ಪಾಲನೆಯ ಇತರ ಮಾರ್ಗಗಳು ಸಾಲವೆಂದು ಕಂಡ ಮೇಲೆಯೇ ಶಿಕ್ಷೆಯ ಪ್ರಕ್ರಿಯೆಗೆ ಕೈಹಾಕಬೇಕೆಂದು ಧರ್ಮಸಭೆಯ ಕಾನೂನು (1341) ಹೇಳುತ್ತದೆ. ಮಕ್ಕಳನ್ನು ಕೆಣಕಿ ಅವರ ಮನ ಕುಗ್ಗಿಸಬೇಡಿರೆಂದು ಸಂತ ಪೌಲರು ಕೊಲೊಸ್ಸೆಯರಿಗೆ (3: 21) ಬುದ್ಧಿ ಹೇಳಿದ್ದೂ ತಂದೆಯರಿಗೇ.

ಈ ವಾರ ಮನೆಯಲ್ಲಿ ಜಪಸರ ಮುಗಿದ ಮೇಲೆ ಮಕ್ಕಳಿಗೆ ಡಿ ಯಾಂಗ್ ಮತ್ತು ಇನಿಯೆಸ್ಟಾರ ಕಥೆ ಹೇಳಿ, ನೀವೇ ರೆಫರಿಯಾಗಿದ್ದರೆ ಯಾರಿಗೆ ಯಾವ ಕಾರ್ಡ್ ಕೊಡುತ್ತಿದ್ದಿರಿ ಎಂದು ಕೇಳಿ ನೋಡಿ. ಆಮೇಲೆ ನಮ್ಮ ಮನೆಯ ಯಾವ ಶಿಕ್ಷೆ ತಪ್ಪಿಗಿಂತ ದೊಡ್ಡದಾಯಿತು ಎಂದೂ ಕೇಳಿ. ಮೊದಲ ಪ್ರಶ್ನೆಗೆ ಉತ್ತರ ಕೂಡಲೇ ಬಂದೀತು. ಎರಡನೆಯದಕ್ಕೆ ಸ್ವಲ್ಪ ಕಾಯಬೇಕಾಗುತ್ತದೆ.