ಕಾಣದ್ದೂ ಗಮನ ಸೆಳೆಯುತ್ತದೆ!

ಕ್ಲಾಸಲ್ಲಿ ಲೆಕ್ಚರರ್ "ಎಲ್ಲಿದೆ ನಿನ್ನ ಗಮನ?" ಅಂತ ಕೇಳಿದರೆ ಏನೋ ಒಂದು ಹೇಳಿ ಪಾರಾಗುತ್ತೇವೆ. ಆದರೆ ನಮ್ಮ ಗಮನ ಎಲ್ಲಿದೆ ಅನ್ನೋದು ನಮಗಾದರೂ ಗೊತ್ತಿರುತ್ತಾ? ಯಾವಾಗಲೂ ಇಲ್ಲ. ಕಣ್ಣಿಗೆ ಬಿದ್ದೂ ನಮಗೆ ಕಾಣದೇ ಹೋದದ್ದು ಕೂಡ ಗಮನವನ್ನು ಎಳೆಯಬಲ್ಲದು.

ಎದುರಿಗಿರುವ ಚಿತ್ರವನ್ನು ಕಾಣದಂತೆ ಮಾಡೋದು ಹೇಗೆ? 2005ರಲ್ಲಿ ತ್ಸುಚಿಯಾ ಮತ್ತು ಕ್ರಿಸ್ಟಾಫ್ ಕಾಖ್ ಒಂದು ಉಪಾಯ ಪ್ರಕಟಿಸಿದರು. ಒಂದು ಕಣ್ಣಿಗೆ ಬಣ್ಣದ ಚೌಕಗಳ ವಿನ್ಯಾಸವನ್ನು ಸೆಕೆಂಡಿಗೆ ಸುಮಾರು 10 ಸಲ ಬದಲಿಸುತ್ತಾ ತೋರಿಸಬೇಕು. ಇನ್ನೊಂದು ಕಣ್ಣಿಗೆ ಅದೇ ಜಾಗದಲ್ಲಿ ಅಲುಗಾಡದ ಚಿತ್ರ. ಮೆದುಳಿನಲ್ಲಿ ಗೆಲ್ಲೋದು ಮಿನುಗುವ ಚೌಕಗಳೇ. ಚಿತ್ರದ ಬೆಳಕು ಕಣ್ಣನ್ನು ತಲುಪುತ್ತಲೇ ಇದ್ದರೂ ಹಲವು ಸೆಕೆಂಡು ಅದು ಕಾಣೋದೇ ಇಲ್ಲ.

2006ರಲ್ಲಿ ಯಿ ಜಿಯಾಂಗ್, ಷೆಂಗ್ ಹೆ ಮತ್ತು ಸಂಗಡಿಗರು ಇದನ್ನೇ ಬಳಸಿದರು. ಹೀಗೆ ಮರೆಯಾದ ಕಡೆಯಲ್ಲಿ, ಒಂದು ಬದಿಗೆ ನಗ್ನ ವ್ಯಕ್ತಿಯ ಚಿತ್ರ. ಇನ್ನೊಂದು ಬದಿಗೆ ಅದೇ ಚಿತ್ರವನ್ನು ತುಂಡು ಮಾಡಿ ಕಲಸಿದ್ದು. 0.8 ಸೆಕೆಂಡಿನ ನಂತರ ಎಡಕ್ಕೋ ಬಲಕ್ಕೋ ಕ್ಷಣಮಾತ್ರ ಒಂದು ಗೆರೆಗಳ ಗುರುತು. ಅದು ಯಾವ ಕಡೆ ವಾಲಿದೆ ಅಂತ ಹೇಳಬೇಕು, ಅಷ್ಟೇ.

ಚಿತ್ರ ಯಾವ ಬದಿಯಲ್ಲಿತ್ತು ಅಂತ ಕೇಳಿದರೆ ಜನರ ಉತ್ತರ ಬರೀ ಊಹೆ. ಆದರೆ ಹೆಣ್ಣಿನ ಕಡೆ ಆಕರ್ಷಣೆಯಿರುವ ಗಂಡಸರು, ಹೆಣ್ಣಿನ ಚಿತ್ರ ಅಡಗಿದ್ದ ಬದಿಯಲ್ಲಿ ಗುರುತು ಬಂದಾಗ ಹೆಚ್ಚು ಸರಿಯಾಗಿ ಹೇಳಿದರು. ಗಂಡಸಿನ ಚಿತ್ರವಿದ್ದ ಬದಿಯಲ್ಲಿ ಮಾತ್ರ ತಪ್ಪುಗಳು ಹೆಚ್ಚಾದವು!

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಗೆರೆಗಳಿಗೂ ಚಿತ್ರಕ್ಕೂ ಸಂಬಂಧವಿಲ್ಲ. ಉತ್ತರ ಸುಧಾರಿಸಬೇಕಾದರೆ ಗಮನ ಮೊದಲೇ ಆ ಬದಿಗೆ ಹೋಗಿರಬೇಕು. ಎರಡೂ ಬದಿಯ ತುಣುಕುಗಳು ಒಂದೇ ಆದ್ದರಿಂದ, ಸೆಳೆದದ್ದು ಬರೀ ಬೆಳಕಲ್ಲ, ಚಿತ್ರದ ಅರ್ಥ. ಅಂದರೆ ಗಮನ ಮತ್ತು ಅರಿವು ಎರಡೂ ಒಂದೇ ಅಲ್ಲ.

ಹಾಗಂತ ಗುಪ್ತ ಜಾಹೀರಾತು ನಮ್ಮನ್ನು ಕುಣಿಸುತ್ತೆ ಅಂತ ಹೆದರಬೇಡಿ. ಸಿನಿಮಾ ನಡುವೆ ಕಾಣದ ಸಂದೇಶ ತೋರಿಸಿ ಪಾಪ್‌ಕಾರ್ನ್ ಮಾರಾಟ ಹೆಚ್ಚಿಸಿದೆ ಎಂದು 1957ರಲ್ಲಿ ಜೇಮ್ಸ್ ವಿಕರಿ ಸಾರಿದ್ದ. ತನ್ನ ಬಳಿಯಿದ್ದ ಮಾಹಿತಿ ಏನನ್ನೂ ಸಾಬೀತುಪಡಿಸುವಷ್ಟಿರಲಿಲ್ಲವೆಂದು 1962ರಲ್ಲಿ ಅವನೇ ಒಪ್ಪಿಕೊಂಡ. ಗಮನ ಒಂದಿಷ್ಟು ವಾಲುವುದು ಬೇರೆ, ಕೈ ಜೇಬಿಗೆ ಹೋಗುವುದು ಬೇರೆ.

ಆದರೆ ನಾಳೆ ಆ್ಯಪ್ ಪರದೆಯನ್ನೋ ಕಾರಿನ ಡ್ಯಾಶ್‌ಬೋರ್ಡನ್ನೋ ವಿನ್ಯಾಸ ಮಾಡುವವರು ನಾವೇ. "ನಂಗೆ ಅದು ಕಾಣ್ಲೇ ಇಲ್ಲ" ಅಂತ ಬಳಕೆದಾರ ಹೇಳಿದರೆ, ಅದು ಅವನ ಮೇಲೆ ಪರಿಣಾಮ ಬೀರಲಿಲ್ಲ ಅಂದ್ಕೋಬೇಡಿ. ಕೇಳಿದರೆ ಸಾಲದು, ಅಳೆದು ನೋಡಬೇಕು.